ಜಾಣಕುರುಡಿಗೊಂದು ಸೇವ್ ಬಟನ್

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಬ್ಯಾಂಕು ಇನ್ನೂ ನಂಬಿಲ್ಲ.

ಈ ಸಲವೂ ಅವರ ಹುಟ್ಟುಹಬ್ಬದ ದಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಮೆಸೇಜು ಬಂತು. ನೂರು ಕಾಲ ಬಾಳಿ ಅಂತ ಹಾರೈಕೆ. ಕೆಳಗೆ ಪರ್ಸನಲ್ ಲೋನಿನ ಲಿಂಕು.

ಮರಣ ಪ್ರಮಾಣಪತ್ರ ಕೊಟ್ಟಿದ್ದೇನೆ. ನೋಟರಿ ಸೀಲು ಹಾಕಿಸಿ, ಎರಡೆರಡು ಪ್ರತಿ. ಖಾತೆಯನ್ನೂ ಮುಚ್ಚಿದ್ದಾರೆ. ಅದರಲ್ಲಿದ್ದ ದುಡ್ಡು ಕೊಡುವಾಗ ಅಪ್ಪ ಸತ್ತಿದ್ದಾರೆ ಅನ್ನುವುದಕ್ಕೆ ಮನೆಮಂದಿಯ ಸಹಿಯೆಲ್ಲ ಬೇಕಾಯಿತು. ಅಪ್ಪನಿಗೆ ಸಾಲ ಕೊಡಲು ಮಾತ್ರ ಯಾರ ಸಹಿಯೂ ಬೇಡ.

ಅಪ್ಪ ಅಂಚೆ ಇಲಾಖೆಯಲ್ಲಿದ್ದವರು. ಪಿಂಚಣಿದಾರರು. ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆ ಎಂದು ಇದೇ ಬ್ಯಾಂಕಿಗೆ ಸಾಬೀತು ಮಾಡಬೇಕಿತ್ತು. ಹಾಸಿಗೆ ಹಿಡಿದ ಮನುಷ್ಯನನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿದ್ದೆ. ಸವೆದ ಬೆರಳನ್ನು ಮೆಷೀನು ಒಪ್ಪಲಿಲ್ಲ. ಎದುರಿಗೇ ಉಸಿರಾಡುತ್ತಿದ್ದವರನ್ನು ವಾಪಸ್ ಕಳಿಸಿದರು. ಈಗ ಬೆರಳೂ ಬೇಡ, ಉಸಿರೂ ಬೇಡ. ಸತ್ತ ಮೇಲೆ ಬದುಕಿರುವುದು ಎಷ್ಟು ಸಲೀಸು!

ಶಾಖೆಗೆ ಹೋಗಿ ಕೇಳಿದೆ. ಕೌಂಟರಿನ ಹುಡುಗ ಒಳ್ಳೆಯವನು. ಸ್ಕ್ರೀನನ್ನೇ ನನ್ನ ಕಡೆ ತಿರುಗಿಸಿದ. “ನೋಡಿ ಸಾರ್, ಖಾತೆ ಇರೋ ಸಿಸ್ಟಮ್ಮೇ ಬೇರೆ, ಸಿಆರ್‌ಎಂ ಬೇರೆ. ಅಲ್ಲಿ ಕ್ಲೋಸ್ ಆಗಿದೆ. ಇಲ್ಲಿ ನಿಮ್ಮ ತಂದೆಯವರು ಆಕ್ಟಿವ್.”

ಕೊನೆಯ ಎರಡು ವರ್ಷ ಅಪ್ಪನನ್ನು ಆಕ್ಟಿವ್ ಎಂದವರು ಯಾರೂ ಇರಲಿಲ್ಲ. ಡಾಕ್ಟರೂ ಹೇಳಿರಲಿಲ್ಲ.

ಸಿಆರ್‌ಎಂ ಅಂದರೆ ಗ್ರಾಹಕ ಸಂಬಂಧ ನಿರ್ವಹಣೆ. ಹೆಸರಿನ ನಡುವೆ ‘ಸಂಬಂಧ’ ಇದೆ, ನಾಟಕದ ಪರದೆಯ ಮೇಲಿನ ಅರಮನೆಯ ಹಾಗೆ. 1993ರಲ್ಲಿ ಅಮೆರಿಕದಲ್ಲಿ ಸೀಬೆಲ್ ಶುರುವಾಯಿತು. 1999ರಲ್ಲಿ ಸೇಲ್ಸ್‌ಫೋರ್ಸ್ ಬಂತು. ನಮ್ಮ ಪಕ್ಕದ ಚೆನ್ನೈಯ ಜೋಹೊ ಕೂಡ ಇದನ್ನು ಮಾರುತ್ತದೆ. ಎಲ್ಲದರಲ್ಲೂ ಒಂದು ಸೌಲಭ್ಯ ಇದ್ದೇ ಇದೆ. ಒಬ್ಬರು ‘ಲಿಸ್ಟ್ ವ್ಯೂ’ ಅನ್ನುತ್ತಾರೆ, ಒಬ್ಬರು ‘ಕಸ್ಟಮ್ ವ್ಯೂ’, ಇನ್ನೊಬ್ಬರು ‘ಸೇವ್ಡ್ ವ್ಯೂ’.

ಕೆಲಸ ಒಂದೇ. ಲಕ್ಷಾಂತರ ಜನರ ಪಟ್ಟಿ ಇರುತ್ತದೆ. ನಿಮಗೆ ಬೇಕಾದವರಷ್ಟೇ ಕಾಣುವಂತೆ ಶರತ್ತು ಹಾಕಿ. ಬೇಕಾದ ಕಾಲಂ ಮಾತ್ರ ಇಟ್ಟುಕೊಳ್ಳಿ. ಒಂದು ಹೆಸರು ಕೊಟ್ಟು ಸೇವ್ ಒತ್ತಿ. ಅಲ್ಲಿ ಉಳಿಯುವುದು ಜನರಲ್ಲ, ಶರತ್ತು. ನಾಳೆ ತೆರೆದರೆ ನಾಳೆ ಆ ಶರತ್ತಿಗೆ ಸಿಕ್ಕಿಬಿದ್ದವರು ಸಾಲಾಗಿ ನಿಂತಿರುತ್ತಾರೆ.

ಸಾಫ್ಟ್‌ವೇರಿನ ಮೇಲೆ ನನಗೆ ಸಿಟ್ಟಿಲ್ಲ. ತೋರಿಸು ಅಂದದ್ದನ್ನು ತೋರಿಸುತ್ತದೆ. ಬ್ಯಾಂಕಿನವರು ಏನನ್ನು ತೋರಿಸು ಅಂದಿದ್ದಾರೆ ಅನ್ನುವುದರಲ್ಲಿ ಇವರ ಬಣ್ಣ ಇದೆ.

ಹುಡುಗ ತಿರುಗಿಸಿದ ಸ್ಕ್ರೀನಿನ ಎಡಗಡೆ ಓದುತ್ತಾ ಹೋದೆ. ‘ಇಂದು ಹುಟ್ಟುಹಬ್ಬ’. ‘ಪ್ರೀ-ಅಪ್ರೂವ್ಡ್’. ‘ಸಂಬಳ ಜಮಾ ಆದವರು’. ‘ಈ ತಿಂಗಳು ಎಫ್‌ಡಿ ಮುಗಿಯುವವರು’. ‘ಅರುವತ್ತು ದಾಟಿದವರು, ವಿಮೆಗೆ’. ನನ್ನ ಜೇಬನ್ನು ನಾನೇ ಇಷ್ಟು ಕೋನದಿಂದ ನೋಡಿಕೊಂಡಿರಲಿಲ್ಲ.

‘ನಮ್ಮಿಂದ ತಪ್ಪಾಗಿ ದುಡ್ಡು ಕಡಿತವಾದವರು’ ಇರಲಿಲ್ಲ. ‘ಮೂರು ಸಲ ದೂರು ಕೊಟ್ಟವರು’ ಇರಲಿಲ್ಲ. ‘ತೀರಿಕೊಂಡವರು’ ಇರಲಿಲ್ಲ. ಅವಕ್ಕೂ ಬೇಕಾದದ್ದು ಅದೇ ನಾಲ್ಕು ಕ್ಲಿಕ್ಕು.

“ಇವನ್ನೆಲ್ಲ ಯಾರು ಮಾಡಿದ್ದಪ್ಪ?” ಅಂದೆ. ಹಿಂದಿನ ಆರ್‌ಎಂ ಅಂತೆ. ಆರ್‌ಎಂ ಅಂದರೆ ರಿಲೇಶನ್‌ಶಿಪ್ ಮ್ಯಾನೇಜರ್. ಒಂದೂವರೆ ವರ್ಷದಲ್ಲಿ ನನಗೆ ನಾಲ್ವರು ಬಂದು ಹೋದರು. ಸಂಬಂಧ ನೋಡಿಕೊಳ್ಳುವವರು ನಿಲ್ಲುವುದಿಲ್ಲ. ಅವರು ಬಿಟ್ಟುಹೋದ ವ್ಯೂಗಳು ನಿಲ್ಲುತ್ತವೆ. ‘ಮಾರ್ಚ್ ಟಾರ್ಗೆಟ್’. ‘ಮಾರ್ಚ್ ಟಾರ್ಗೆಟ್ ಕಾಪಿ’. ‘ಮಾರ್ಚ್ ಫೈನಲ್’. ‘ಫೈನಲ್ ಹೊಸದು’. ಯಾವ ವರ್ಷದ ಮಾರ್ಚು? ಯಾರಿಗೂ ಗೊತ್ತಿಲ್ಲ. ಅಳಿಸಲು ಯಾರಿಗೂ ಧೈರ್ಯವೂ ಇಲ್ಲ. ಸತ್ತವರಷ್ಟೇ ಅಲ್ಲ, ಕೆಲಸ ಬಿಟ್ಟುಹೋದವರ ಆಸೆಗಳೂ ಅಲ್ಲಿ ಆಕ್ಟಿವ್.

ತಂಗಿಯ ಮಗ ಫ್ಲ್ಯಾಟ್ ಮಾರುವ ಕಂಪನಿಯಲ್ಲಿದ್ದಾನೆ. ಅವನನ್ನು ಕೇಳಿದೆ. ನಕ್ಕ. “ನಮ್ಮಲ್ಲಿ ‘ಇವತ್ತು ಫಾಲೋ-ಅಪ್ ಬಾಕಿ’ ಅಂತ ಒಂದು ವ್ಯೂ ಇದೆ ಮಾಮ. ಮ್ಯಾನೇಜರ್ರು ಸಂಜೆ ಆರಕ್ಕೆ ತೆಗೀತಾರೆ. ಖಾಲಿ ಇರ್ಬೇಕು.”

“ಅಷ್ಟೂ ಜನಕ್ಕೆ ಫೋನ್ ಮಾಡ್ತೀಯೇನೋ?”

“ಐದೂಮುಕ್ಕಾಲಿಗೆ ಎಲ್ಲರ ಡೇಟನ್ನೂ ನಾಳೆಗೆ ತಳ್ತೀನಿ. ಆರಕ್ಕೆ ಕ್ಲೀನು.”

ಮ್ಯಾನೇಜರಿಗೆ ಇದು ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ಅವರು ಮ್ಯಾನೇಜರ್ ಆದದ್ದೇ ಹಾಗೆ.

ಹಿಂದೆ ನಮ್ಮ ಊರುಗಳಲ್ಲಿ ದೆವ್ವ ಬಾರದಿರಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ನಕ್ಕಿದ್ದೆವು. ಈಗ ಅದೇ ಉಪಾಯವನ್ನು ಗ್ರಾಹಕನ ಮೇಲೆ ಮಾಡುತ್ತಾರೆ, ಸಾಫ್ಟ್‌ವೇರಿಗೆ ತಿಂಗಳ ಚಂದಾ ಕಟ್ಟಿ.

ಅಪ್ಪನಿಗೆ ಬರುವ ಮೆಸೇಜಿನ ಬಗ್ಗೆ ಬ್ಯಾಂಕಿಗೆ ನಾನು ಕೊಟ್ಟ ದೂರಿಗೂ ಅದೇ ಗತಿ. ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಯೋಜನೆಯಲ್ಲಿ ಬ್ಯಾಂಕು 30 ದಿನದೊಳಗೆ ಉತ್ತರಿಸದಿದ್ದರೆ ಮೇಲೆ ಹೋಗಬಹುದು. ನನ್ನ ದೂರು 28ನೇ ದಿನ ‘ಪರಿಹಾರವಾಗಿದೆ’ ಆಯಿತು. ಏನು ಪರಿಹಾರ? ಸ್ಟೇಟಸ್ ಬದಲಾಯಿತು, ಅದೇ ಪರಿಹಾರ. ‘ಬಾಕಿ ದೂರು’ ವ್ಯೂನಿಂದ ನಾನು ಮಾಯ. ಮತ್ತೆ ಬರೆದೆ. ಹೊಸ ನಂಬರು. ಮತ್ತೆ ಒಂದನೇ ದಿನ.

ಬೇಡದ ಕರೆಗಳಿಗೆ 1909ಕ್ಕೆ ಹೇಳಿ ಅನ್ನುತ್ತಾರೆ. ಹೇಳಿದ್ದೇನೆ. ಈ ಸಾಫ್ಟ್‌ವೇರುಗಳಲ್ಲಿ ‘ಕರೆ ಮಾಡಬೇಡಿ’ ಅಂತ ಗುರುತು ಹಾಕಲು ಒಂದು ಚೌಕವೂ ಇರುತ್ತದೆ. ಅದನ್ನು ಶರತ್ತಿಗೆ ಸೇರಿಸಿದರೆ ಮುಗಿಯಿತು. ಸೇರಿಸುವುದಿಲ್ಲ. ಸೇರಿಸಿದರೆ ಪಟ್ಟಿ ಚಿಕ್ಕದಾಗುತ್ತದೆ, ಟಾರ್ಗೆಟ್ ಚಿಕ್ಕದಾಗುವುದಿಲ್ಲ.

ಕಾನೂನು ಇಲ್ಲವೆ ಅಂತ ಕೇಳಬೇಡಿ. ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂತು. ನಮ್ಮ ಮಾಹಿತಿ ತಿದ್ದಿ ಎನ್ನುವ, ಅಳಿಸಿ ಎನ್ನುವ ಹಕ್ಕು ಅದರಲ್ಲಿದೆ. ಭದ್ರವಾಗಿ ಇಟ್ಟುಕೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡವೂ ಇದೆ. ನಿಯಮಗಳು ಬರಲು 2025ರ ನವೆಂಬರ್ ಆಯಿತು. ಮುಖ್ಯ ಕಲಮುಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ವಾಯಿದೆ. ಸರಕಾರಕ್ಕೂ ಐದೂಮುಕ್ಕಾಲಿಗೆ ಡೇಟು ತಳ್ಳಲು ಬರುತ್ತದೆ.

ನಮ್ಮ ಬೀದಿಯ ಶೆಟ್ಟರ ಅಂಗಡಿಯಲ್ಲಿ ಒಂದೇ ಸಾಲದ ಪುಸ್ತಕ. ಮನೆಗೊಂದು ಪುಟ. ಅಪ್ಪನ ಹನ್ನೊಂದನೇ ದಿನ ಮುಗಿದ ಮೇಲೆ ಶೆಟ್ಟರು ಆ ಪುಟದ ತಲೆಯ ಮೇಲಿದ್ದ ಹೆಸರು ಹೊಡೆದು ಅಮ್ಮನ ಹೆಸರು ಬರೆದರು. ಕೆಳಗಿನ ಬಾಕಿ ಹಾಗೇ ಇತ್ತು. ಶೆಟ್ಟರೇನು ಮಹಾತ್ಮರಲ್ಲ, ಒಂದು ರೂಪಾಯಿ ಬಿಟ್ಟವರಲ್ಲ. ಆದರೆ ಯಾರು ಸತ್ತರು, ಯಾರು ಬದುಕಿದ್ದಾರೆ ಅನ್ನುವುದು ಅವರಿಗೆ ಗೊತ್ತು. ಪುಟ ತೆರೆದರೆ ಇಡೀ ಪುಟ ಕಾಣುತ್ತದಲ್ಲ. ಬೇಡದ ಸಾಲನ್ನು ಮರೆಮಾಡುವ ಬಟನ್ ಆ ಪುಸ್ತಕಕ್ಕಿಲ್ಲ.

ನಮ್ಮಲ್ಲಿ ಜಾಣಕುರುಡು ಮೊದಲಿಂದಲೂ ಇದೆ. ಆದರೆ ದಿನವೂ ಹೊಸದಾಗಿ ನಟಿಸಬೇಕಿತ್ತು. ಎದುರಿಗೆ ಬಂದವನನ್ನು ಕಂಡೂ ಕಾಣದ ಹಾಗೆ ಮುಖ ತಿರುಗಿಸಲು ಸ್ವಲ್ಪವಾದರೂ ನಾಚಿಕೆ ಆಗುತ್ತಿತ್ತು. ಈಗ ಒಂದು ಸಲ ಸೇವ್ ಮಾಡಿದರೆ ಸಾಕು. ಉಳಿದದ್ದನ್ನು ಸಿಸ್ಟಮ್ ನೋಡಿಕೊಳ್ಳುತ್ತದೆ. ಅಂದರೆ, ನೋಡದೆ ಇರುತ್ತದೆ.

ಹೊರಡುವಾಗ ಹುಡುಗ ಸಮಾಧಾನ ಹೇಳಿದ. “ರಿಕ್ವೆಸ್ಟ್ ಹಾಕಿದೀನಿ ಸಾರ್. ನಾಳೆ ಒಂದ್ಸಲ ಬನ್ನಿ.”

ಈಚೆ ಬಂದು ಬಾಗಿಲು ನೋಡಿದೆ. ಬರೆದಿರಲಿಲ್ಲ, ಅಷ್ಟೆ. ಅಪ್ಪ ಸತ್ತ ಮೇಲೂ ಆಕ್ಟಿವ್. ಬದುಕಿರುವ ನನ್ನನ್ನು ಮಾತ್ರ ಇವರು ದೆವ್ವ ಅಂದುಕೊಂಡಿದ್ದಾರೆ.