ನಿರ್ಜನ ದ್ವೀಪಕ್ಕೆ ಮುಂಗಡ ಬುಕಿಂಗ್

ಪೆಸಿಫಿಕ್ ಸಾಗರದ ಉಷ್ಣವಲಯದ ದ್ವೀಪವೊಂದರಲ್ಲಿ ರಜೆ ಕಳೆಯಬೇಕೆಂಬ ಆಸೆಯು ಬಹುಮಟ್ಟಿಗೆ ಗೋಡೆಯ ಕ್ಯಾಲೆಂಡರಿನಿಂದ ಹುಟ್ಟುವಂಥದು. ಬಾಗಿ ನಿಂತ ಒಂದು ತೆಂಗಿನ ಮರ, ಬಿಳಿಯ ಮರಳು, ಹಸಿರೆನ್ನಬೇಕೋ ನೀಲಿಯೆನ್ನಬೇಕೋ ತಿಳಿಯದ ನೀರು, ಇವಿಷ್ಟೇ ಆ ಚಿತ್ರದಲ್ಲಿರುತ್ತವೆ, ಮನುಷ್ಯಪ್ರಾಣಿಯ ಸುಳಿವಿರುವುದಿಲ್ಲ. ಈ ಕೊರತೆಯೇ ಚಿತ್ರದ ಆಕರ್ಷಣೆ, ಹಾಗೂ ಪ್ರವಾಸಯೋಜನೆಯೆಂಬ ಶಾಸ್ತ್ರದ ಮೊದಲ ತೊಡಕು. ಯೋಜಕನು (ಇಲ್ಲಿ ಯೋಜಕನೆಂದರೆ ಪ್ರವಾಸದ ಪಟ್ಟಿ ಬರೆಯುವವನು, ಪ್ರವಾಸ ಮಾಡುವವನೂ ಅವನೇ ಆದರೂ ಇವರಿಬ್ಬರಲ್ಲಿ ಮಾತುಕತೆ ಕಡಿಮೆ) ಯಾರೂ ಇಲ್ಲದ ದ್ವೀಪವನ್ನೇ ಬಯಸುತ್ತಾನೆ, ಆದರೆ ಆ ಯಾರೂ ಇಲ್ಲದಲ್ಲಿ ತನ್ನ ಚೀಲವನ್ನು ಹೊರುವವರು, ಹಾಸಿಗೆ ಹಾಸುವವರು, ಬೆಳಗ್ಗೆ ಏಳಕ್ಕೆ ಕಾಫಿ ತರುವವರು ಮತ್ತು ನಿರ್ಜನತೆಯ ಫೋಟೋಗಳನ್ನು ಕೂಡಲೇ ಊರಿಗೆ ಕಳುಹಿಸಲು ಸಾಕಾಗುವಷ್ಟು ವೈ-ಫೈ ಇರಲೇಬೇಕೆಂದು ಪಟ್ಟಿಯ ಮೊದಲ ಪುಟದಲ್ಲಿಯೇ ಬರೆದಿಡುತ್ತಾನೆ.

ಎರಡನೆಯ ತೊಡಕು ಭೂಪಟದ್ದು. ಭೂಮಿಯ ನೆಲವನ್ನೆಲ್ಲ ಒಟ್ಟುಗೂಡಿಸಿದರೂ ಅದಕ್ಕಿಂತ ಹೆಚ್ಚು ವಿಸ್ತಾರವಾಗಿರುವ ಈ ಸಾಗರವನ್ನು ನಮ್ಮ ಶಾಲೆಗಳ ಭೂಪಟಗಳು ನಡುವೆ ಕತ್ತರಿಸಿ ಎಡಕ್ಕೊಂದು ತುಂಡನ್ನೂ ಬಲಕ್ಕೊಂದು ತುಂಡನ್ನೂ ಅಂಟಿಸಿರುವುದರಿಂದ, ಫಿಜಿ ದೇಶವು ಬಲ ಅಂಚಿನಿಂದ ಇನ್ನೇನು ಕೆಳಗೆ ಬೀಳುವಂತೆ ಕಾಣುತ್ತದೆ. 180 ಡಿಗ್ರಿ ರೇಖಾಂಶವು ಆ ದೇಶದ ತವೆಯುನಿ ದ್ವೀಪವನ್ನು ಹಾದುಹೋಗುತ್ತದೆ. ಒಂದು ದಿನ ಮುಗಿದು ಇನ್ನೊಂದು ದಿನ ಶುರುವಾಗುವ ಗಡಿಯೆಂದು ಒಪ್ಪಿಕೊಂಡಿರುವ ಅಂತರರಾಷ್ಟ್ರೀಯ ದಿನಾಂಕ ರೇಖೆಯು ಈ ರೇಖಾಂಶವನ್ನೇ ಅನುಸರಿಸಬೇಕಾಗಿದ್ದರೂ, ಒಂದೇ ಊರಿನಲ್ಲಿ ಏಕಕಾಲಕ್ಕೆ ಎರಡು ದಿನಗಳು ನಡೆಯಬಾರದೆಂಬ ದಾಕ್ಷಿಣ್ಯದಿಂದ ಫಿಜಿಯನ್ನು ಬಳಸಿಕೊಂಡು ಹೋಗುತ್ತದೆ. ನೆರೆಯ ಸಮೋವಾ ದೇಶವು ಇನ್ನೂ ಮುಂದೆ ಹೋಗಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ವ್ಯಾಪಾರಕ್ಕೆ ಅನುಕೂಲವಾಗಲೆಂದು ರೇಖೆಯ ಆಚೆಯಿಂದ ಈಚೆಗೆ ದಾಟಿದ್ದರಿಂದ, 2011ರ ಡಿಸೆಂಬರ್ 30ನೆಯ ತಾರೀಖು ಆ ದೇಶದಲ್ಲಿ ಬರಲೇ ಇಲ್ಲ. ಪಕ್ಕದ ಅಮೆರಿಕನ್ ಸಮೋವಾ ಮಾತ್ರ ಹಳೆಯ ಕಡೆಯಲ್ಲಿಯೇ ಉಳಿದಿದೆ. ಸಮೋವಾದಲ್ಲಿ ಹುಟ್ಟುಹಬ್ಬ ಆಚರಿಸಿ ಸಣ್ಣ ವಿಮಾನವೊಂದನ್ನು ಹತ್ತಿದರೆ ಅಮೆರಿಕನ್ ಸಮೋವಾದಲ್ಲಿ ಅದೇ ಹುಟ್ಟುಹಬ್ಬವನ್ನು ಮರುದಿನ ಮತ್ತೆ ಆಚರಿಸಬಹುದು. ಇಂಥ ಪ್ರದೇಶಕ್ಕೆ ಹೊರಟ ನೌಕರನು ರಜೆಯ ಅರ್ಜಿಯಲ್ಲಿ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂದು ತುಂಬುವಾಗ ಕೈ ತಡವರಿಸಿದರೆ ಆಶ್ಚರ್ಯವಿಲ್ಲ.

ಯುರೋಪಿನಿಂದ ಈ ಸಾಗರವನ್ನು ದಾಟಲು ಬಂದ ಮೊದಲಿಗನಾದ ಮೆಗಲನ್ ಯೋಜನೆಯ ವಿಷಯದಲ್ಲಿ ಆದರ್ಶಪುರುಷನೇನೂ ಅಲ್ಲ. 1520ರ ನವೆಂಬರ್ ಕೊನೆಯಲ್ಲಿ ಈ ಸಾಗರವನ್ನು ಹೊಕ್ಕು 1521ರ ಮಾರ್ಚಿನಲ್ಲಿ ಗುವಾಮ್ ತಲುಪುವವರೆಗೆ, ಸಾವಿರಾರು ದ್ವೀಪಗಳಿರುವ ಕಡಲಿನಲ್ಲಿ ಅವನ ಕಣ್ಣಿಗೆ ಬಿದ್ದವು ಎರಡೇ ಪುಟ್ಟ ದ್ವೀಪಗಳು. ಹಡಗಿನವರು ಹಾಯಿಗಂಬದ ತೊಗಲನ್ನು ನೆನೆಸಿ ತಿಂದರೆಂದೂ, ಇಲಿಗೆ ಬೆಲೆ ಕಟ್ಟಿ ಕೊಂಡರೆಂದೂ ಜೊತೆಯಲ್ಲಿದ್ದ ಪಿಗಫೆಟ್ಟಾ ಬರೆದಿಟ್ಟಿದ್ದಾನೆ. ಆ ಎರಡು ದ್ವೀಪಗಳೂ ನಿರ್ಜನವಾಗಿದ್ದವೆಂಬುದನ್ನು ಇಂದಿನ ಯೋಜಕರು ಗಮನಿಸಬೇಕು. ಕ್ಯಾಲೆಂಡರಿನ ಚಿತ್ರವು ಎದುರಿಗೇ ಬಂದು ನಿಂತಾಗ ಆ ಹಸಿದ ಜನ ಅವಕ್ಕೆ ಇಟ್ಟ ಹೆಸರು ದುರದೃಷ್ಟದ ದ್ವೀಪಗಳು ಎಂದು.

ನಿಜವಾದ ಯೋಜಕರು ಇದಕ್ಕೂ ಬಹಳ ಹಿಂದೆಯೇ ಅಲ್ಲಿದ್ದರು. ಸುಮಾರು 3,000 ವರ್ಷಗಳ ಹಿಂದೆ ಫಿಜಿಯನ್ನು ತಲುಪಿದವರೂ, ಅವರ ಸಂತತಿಯಾಗಿ ಮುಂದೆ ಪೂರ್ವಕ್ಕೆ ಸಾಗಿದ ಪಾಲಿನೇಷ್ಯದ ಜನರೂ ನಕ್ಷತ್ರ, ಅಲೆ, ಹಕ್ಕಿಗಳ ಹಾರಾಟ ಇವುಗಳನ್ನು ನೋಡಿಯೇ ದಾರಿ ಹಿಡಿಯುತ್ತಿದ್ದರು. 1769ರಲ್ಲಿ ಶುಕ್ರಸಂಕ್ರಮಣವನ್ನು, ಅಂದರೆ ಸೂರ್ಯಬಿಂಬದ ಮೇಲೆ ಶುಕ್ರಗ್ರಹ ಹಾದುಹೋಗುವುದನ್ನು, ನೋಡಲು ತಹೀತಿಗೆ ಬಂದ ಕ್ಯಾಪ್ಟನ್ ಕುಕ್‌ನ ಹಡಗನ್ನೇರಿದ ತುಪಾಯಾ ಎಂಬ ಪುರೋಹಿತ ನಾವಿಕನು ತನ್ನ ನೆನಪಿನಿಂದಲೇ ಹತ್ತಾರು ದ್ವೀಪಗಳ ನಕ್ಷೆಯನ್ನು ಬರೆಸಿದನು. ಈ ಜನರ ಸಾಮಾನಿನ ಪಟ್ಟಿಯೂ ಅನುಕರಣೀಯವಾದುದು: ಕೆಸುವಿನ ಗೆಡ್ಡೆ, ಬಾಳೆಯ ಕಂದು, ತೆಂಗಿನಕಾಯಿ, ಜೀಗುಜ್ಜೆಯ ಸಸಿ, ಕೋಳಿ, ಹಂದಿ. ತೆಂಗು ತಾನಾಗಿಯೂ ತೇಲಿ ಹೋಗಬಲ್ಲದೆಂಬುದು ಬೇರೆ ಮಾತು. ಇಂದು ‘ಮನುಷ್ಯನ ಕೈ ಸೋಕದ ಪ್ರಕೃತಿ’ ಎಂದು ಜಾಹೀರಾತಿನಲ್ಲಿ ಅಚ್ಚಾಗುವ ಹಸಿರಿನ ಬಹುಭಾಗವು ಹೀಗೆ ದೋಣಿಯಲ್ಲಿ ಲಗೇಜಾಗಿ ಬಂದದ್ದು. ಉಡುಪಿಯ ಕಡೆಯವರಿಗೆ ಇದರಿಂದ ವಿಶೇಷವಾದ ಇಕ್ಕಟ್ಟು ಒದಗುತ್ತದೆ. ಜೀಗುಜ್ಜೆಯ ಮೂಲವೇ ಪೆಸಿಫಿಕ್ ಸೀಮೆಯಾದ್ದರಿಂದಲೂ, ಉಳಿದ ಗಿಡಮರಗಳು ಎರಡೂ ಕಡೆಗೆ ಸಾಮಾನ್ಯವಾದ್ದರಿಂದಲೂ, 11,000 ಕಿಲೋಮೀಟರಿಗೂ ಹೆಚ್ಚು ದೂರ ಹಾರಿ, ಪ್ರವಾಸದ ಸಾಲ ತೀರುವ ಮೊದಲೇ ಅವರು ನೋಡುವುದು ತಮ್ಮ ಹಿತ್ತಿಲನ್ನು.

ಯಾವಾಗ ಹೋಗಬೇಕೆಂಬ ಪ್ರಶ್ನೆಯು ಇಷ್ಟು ಹಗುರವಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಫಿಜಿಯಲ್ಲಿ ಮಳೆಯ ಕಾಲ ಮತ್ತು ಚಂಡಮಾರುತದ ಕಾಲ. 2016ರ ಫೆಬ್ರುವರಿಯಲ್ಲಿ ಬೀಸಿದ ವಿನ್‌ಸ್ಟನ್ ಚಂಡಮಾರುತಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಮೇಯಿಂದ ಅಕ್ಟೋಬರ್‌ವರೆಗಿನ ಒಣ ತಿಂಗಳುಗಳಲ್ಲಿ ನಮ್ಮ ಮಕ್ಕಳಿಗೆ ಬಹುಮಟ್ಟಿಗೆ ಶಾಲೆಯಿರುತ್ತದೆ. ಮೇ ತಿಂಗಳ ರಜೆಯೊಂದು ಉಳಿಯಿತೆಂದುಕೊಂಡರೆ ಅಷ್ಟರಲ್ಲಿ ಮನೆತನದ ಯಾರದಾದರೂ ಮದುವೆ ನಿಶ್ಚಯವಾಗಿರುತ್ತದೆ. ಎಲ್ಲಿ ಉಳಿಯಬೇಕೆಂಬುದಕ್ಕೂ ಗಾಳಿಯನ್ನೇ ಕೇಳಬೇಕು. ಪಶ್ಚಿಮ ಘಟ್ಟಗಳ ಪಾಠ ಓದಿದವನು ಮಳೆಯು ಪಶ್ಚಿಮದ ಮಗ್ಗುಲಿಗೆ ಸುರಿದು ಪೂರ್ವವನ್ನು ಒಣಗಿಸುತ್ತದೆಂದು ನಂಬಿರುತ್ತಾನೆ, ಆದರೆ ಫಿಜಿಯ ಮುಖ್ಯ ದ್ವೀಪವಾದ ವಿತಿ ಲೆವುವಿನಲ್ಲಿ ಆಗ್ನೇಯ ದಿಕ್ಕಿನ ವಾಣಿಜ್ಯ ಮಾರುತಗಳು ಬೆಟ್ಟಸಾಲಿಗೆ ತಾಗಿ ಪೂರ್ವದ ರಾಜಧಾನಿ ಸುವಾವನ್ನು ನೆನೆಸುತ್ತವೆ, ವಿಮಾನ ನಿಲ್ದಾಣವಿರುವ ಪಶ್ಚಿಮದ ನಾಂದಿಯು ಮಳೆನೆರಳಿನಲ್ಲಿ ಬೆಚ್ಚಗಿರುತ್ತದೆ. ಹೆಚ್ಚಿನ ಹೋಟೆಲುಗಳು ಪಶ್ಚಿಮಕ್ಕೆ ಒತ್ತರಿಸಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಹುಲ್ಲುಸೂರಿನ ಕುಟೀರದ ಬಗೆಗೂ ಒಂದು ಮಾತು ಹೇಳಬೇಕು. ಅನಾದಿಕಾಲದಿಂದ ದ್ವೀಪವಾಸಿಗಳು ಹೀಗೆಯೇ ಬದುಕಿದರೆಂದು ಯೋಜಕನು ಭಾವಿಸುತ್ತಾನಾದರೂ, ಪ್ರವಾಸಿಗಳಿಗಾಗಿ ಇಂಥ ಕುಟೀರಗಳನ್ನು ಮೊದಲಿಗೆ ಕಟ್ಟಿದವರು 1967ರಲ್ಲಿ ಫ್ರೆಂಚ್ ಪಾಲಿನೇಷ್ಯದ ರಾಯಿಯಾಟೆಯಾ ದ್ವೀಪದಲ್ಲಿ ಹೋಟೆಲು ನಡೆಸುತ್ತಿದ್ದ ಮೂವರು ಅಮೆರಿಕನ್ನರು. ಅಲ್ಲಿ ಹೇಳಿಕೊಳ್ಳುವಂಥ ಮರಳುದಂಡೆ ಇರಲಿಲ್ಲ. ಫಿಜಿಯಲ್ಲಿ 300ಕ್ಕೂ ಹೆಚ್ಚು ದ್ವೀಪಗಳಿದ್ದು ಸುಮಾರು ಮೂರನೆಯ ಒಂದು ಭಾಗದಲ್ಲಿ ಮಾತ್ರ ಜನವಸತಿಯಿರುವುದರಿಂದ ನಿರ್ಜನತೆಗೆ ಬರವಿಲ್ಲ. ಆದರೆ ಪ್ರವಾಸಿಗಳು ಆರಿಸಿಕೊಳ್ಳುವುದು ಮೊನುರಿಕಿಯನ್ನು. 2000ದಲ್ಲಿ ಬಂದ ‘ಕಾಸ್ಟ್ ಅವೇ’ ಚಿತ್ರದಲ್ಲಿ ಟಾಮ್ ಹ್ಯಾಂಕ್ಸ್ ಮಾತಿಗೊಬ್ಬ ಜೊತೆಗಾರನಿಲ್ಲದೆ ವಾಲಿಬಾಲಿನೊಡನೆ ಮಾತಾಡುತ್ತ ಕಾಲ ಕಳೆದ ದ್ವೀಪ ಅದು. ಆ ಒಂಟಿತನವನ್ನು ಕಣ್ಣಾರೆ ಕಾಣಲು ಈಗ ಜನರು ದೋಣಿ ತುಂಬಿಕೊಂಡು ಹೋಗುತ್ತಾರೆ.

ಪಟ್ಟಿಯಲ್ಲಿಲ್ಲದ ಮನುಷ್ಯರು ಎದುರಾಗುವುದು ಹಳ್ಳಿಯಲ್ಲಿ. ಫಿಜಿಯ ಹಳ್ಳಿಗೆ ಕಾಲಿಡುವ ಅತಿಥಿಯು ಯಂಗೋನಾ ಎಂಬ ಗಿಡದ ಬೇರಿನ ಕಟ್ಟನ್ನು ಊರಿನ ಹಿರಿಯರಿಗೆ ಒಪ್ಪಿಸಬೇಕು. ಈ ಕ್ರಮಕ್ಕೆ ಸೆವುಸೆವು ಎಂದು ಹೆಸರು. ಆ ಬೇರನ್ನು ಕುಟ್ಟಿ ನೀರಿನಲ್ಲಿ ಕಿವುಚಿದರೆ ಆಗುವುದೇ ಕಾವಾ. ಬಣ್ಣ ಕೆಸರುನೀರಿನದು, ತುಟಿ ನಾಲಗೆಗಳನ್ನು ಮರಗಟ್ಟಿಸುವುದು ಅದರ ಗುಣ. ಒಮ್ಮೆ ಚಪ್ಪಾಳೆ ತಟ್ಟಿ, ತೆಂಗಿನ ಚಿಪ್ಪಿನಲ್ಲಿ ಕೊಟ್ಟುದನ್ನು ಒಂದೇ ಗುಟುಕಿಗೆ ಕುಡಿಯುವುದು ಮರ್ಯಾದೆ. ಹಳ್ಳಿಯೊಳಗೆ ಟೋಪಿ ಹಾಕುವಂತಿಲ್ಲ, ಕಪ್ಪು ಕನ್ನಡಕವೂ ಸಲ್ಲದು, ಭುಜ ಮೊಣಕಾಲುಗಳು ಮುಚ್ಚಿರಬೇಕು. ಹೀಗಾಗಿ ದ್ವೀಪಕ್ಕೆಂದೇ ವಿಶೇಷವಾಗಿ ಕೊಂಡ ಅಗಲಂಚಿನ ಟೋಪಿ, ಕನ್ನಡಕ, ಹೂವಿನ ಚಡ್ಡಿ ಮೂರೂ ಒಟ್ಟಿಗೆ ಅನರ್ಹವಾಗುತ್ತವೆ. ಊರಿನ ಗಂಡಸರು ಉಟ್ಟಿರುವ ಸುಲು ಎಂಬ ವಸ್ತ್ರವನ್ನು ನೋಡಿದಾಗ, ‘ಅಲ್ಲಿ ಯಾರು ಉಡುತ್ತಾರೆ’ ಎಂದು ಮನೆಯಲ್ಲೇ ಬಿಟ್ಟುಬಂದ ಪಂಚೆಯು ನೆನಪಾಗುವುದು ಸಹಜ. ಭಾನುವಾರ ಚರ್ಚಿನ ಹಾಡಿನ ಹೊರತು ಬೇರೇನೂ ನಡೆಯದು. ನೆರೆಯ ಟೋಂಗಾದಲ್ಲಂತೂ ಆ ದಿನದ ವಿಶ್ರಾಂತಿಯನ್ನು ಸಂವಿಧಾನದಲ್ಲಿಯೇ ಬರೆದಿದ್ದಾರೆ. ರಜೆಯಲ್ಲಿ ಪುರುಸೊತ್ತಿಲ್ಲದಂತೆ ಕಾರ್ಯಕ್ರಮ ಹಾಕಿಕೊಂಡು ಬಂದವರಿಗೆ ಈ ಜನರು ರಜೆಯೆಂದರೇನೆಂದು ತೋರಿಸಿಕೊಡುತ್ತಾರೆ.

ಊಟದ ಚಿಂತೆಯಿಂದ ಹೊತ್ತುಕೊಂಡುಹೋದ ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ನಾಂದಿಯ ಜೈವಿಕ ಸುರಕ್ಷತಾ ಅಧಿಕಾರಿಗಳ ಮುಂದೆ ಘೋಷಿಸಲೇಬೇಕು, ಮತ್ತು ಹೊರಗೆ ಬಂದ ಕೂಡಲೇ ಅವು ಅನಗತ್ಯವಾಗಿದ್ದವೆಂಬುದು ತಿಳಿಯುತ್ತದೆ. ರೊಟ್ಟಿ, ಬೇಳೆ, ಪಲ್ಯ ಬೀದಿಬೀದಿಯಲ್ಲೂ ಸಿಗುತ್ತವೆ. ಎಲ್ಲದರಿಂದ ದೂರ ಬಂದೆನೆಂದುಕೊಂಡವನಿಗೆ ನಾಂದಿಯ ಮುಖ್ಯ ಬೀದಿಯ ತುದಿಯಲ್ಲಿ ದ್ರಾವಿಡ ಶೈಲಿಯ ಸುಬ್ರಹ್ಮಣ್ಯ ದೇವಾಲಯದ ಗೋಪುರವೇ ಎದುರಾಗುತ್ತದೆ. ಇದರ ಹಿಂದಿನ ಕಥೆ ವಿನೋದದ್ದಲ್ಲ. 1879ರ ಮೇ ತಿಂಗಳಲ್ಲಿ ಕಲ್ಕತ್ತಾದಿಂದ ಬಂದ ಲಿಯೋನಿಡಾಸ್ ಹಡಗಿನಿಂದ ಮೊದಲ್ಗೊಂಡು 1916ರವರೆಗೆ 60,000ಕ್ಕೂ ಹೆಚ್ಚು ಭಾರತೀಯರನ್ನು ಐದು ವರ್ಷದ ಕರಾರಿನ ಮೇಲೆ ಕಬ್ಬಿನ ತೋಟಗಳ ದುಡಿಮೆಗೆ ಸಾಗಿಸಲಾಯಿತು. 1903ರಿಂದ ಮದರಾಸಿನ ಬಂದರಿನಿಂದಲೂ ಹಡಗುಗಳು ಹೊರಟವು. ಅವರ ಪ್ರಯಾಣದ ಪಟ್ಟಿಯನ್ನು ಬೇರೆಯವರು ಬರೆದಿದ್ದರು. ಪ್ರವಾಸಿಯು ತಿನ್ನುವ ರೊಟ್ಟಿಯ ರುಚಿಗೆ ಋಣಿಯಾಗಬೇಕಾದುದು ಇವರ ಮಕ್ಕಳು ಮೊಮ್ಮಕ್ಕಳಿಗೆ.

ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನವಿಲ್ಲ. ಸಿಂಗಾಪುರ, ಹಾಂಗ್‌ಕಾಂಗ್ ಅಥವಾ ಆಸ್ಟ್ರೇಲಿಯಾದಲ್ಲಿ ಇಳಿದು ಹತ್ತಬೇಕು. ಗಡಿಯಾರವು ನಮಗಿಂತ ಆರೂವರೆ ಗಂಟೆ ಮುಂದಿರುವುದರಿಂದ ಮೊದಲೆರಡು ದಿನ ನಿದ್ದೆಗೂ ಊಟಕ್ಕೂ ಹೊಂದಿಕೆಯಿರದು. ಆದುದರಿಂದ ಎರಡು ವಾರಗಳ ರಜೆ ಸಿಗುವವರು ಪಟ್ಟಿಯ ಅರ್ಧವನ್ನು ಹೊಡೆದುಹಾಕಿ ಧಾರಾಳವಾಗಿ ಹೋಗಿಬರಬಹುದು. ನಾಲ್ಕೇ ದಿನವಿರುವವರು ಮಲ್ಪೆಯಲ್ಲಿ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದು ಒಳ್ಳೆಯದು: ತೆಂಗಿನ ಮರಗಳಿವೆ, ನೀಲಿ ನೀರಿದೆ, ಜನವಸತಿ ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಮಾತ್ರ ಆ ದೋಣಿಗಳು ಹೊರಡುವುದಿಲ್ಲ.