ನಾಲ್ವರ ಹೊಡೆತ, ಒಂದೇ ಲೆಕ್ಕ

ಮಳೆ ಬಿಟ್ಟ ಕೂಡಲೇ ಪಿಲಿಕುಳದಲ್ಲಿ ಒಂದು ಗಾಲ್ಫ್ ಸ್ಕ್ರ್ಯಾಂಬಲ್ ಇಡುವ ಅಂತ ನಮ್ಮ ಲೀಗಿನವರು ಹೊರಟದ್ದು ನಿಮ್ಮ ಕಿವಿಗೂ ಬಿದ್ದಿರಬೇಕು. ತೊಕ್ಕೊಟ್ಟಿನವರೂ ಇದ್ದೇವೆ ಮಾರಾಯ್ರೆ. ದೂರ ಅಂತ ಹಿಂದೆ ಮುಂದೆ ನೋಡಬೇಡಿ. ಬೆಳಕು ಹರಿಯುವಾಗ ಸಂಕ ದಾಟಿದರೆ ಸಾಕು, ಪಂಪ್‌ವೆಲ್, ನಂತೂರು ಖಾಲಿ ಇರ್ತದೆ. ಆಮೇಲೆ ಕುಡುಪು, ವಾಮಂಜೂರು ಕಳೆದದ್ದೇ ಗೊತ್ತಾಗುವುದಿಲ್ಲ.

ಆಟದ ಕ್ರಮ ನಿಮಗೆ ಹೊಸತಲ್ಲ. ನಾಲ್ವರೂ ಹೊಡೆಯುವುದು, ಒಳ್ಳೆಯ ಚೆಂಡು ಬಿದ್ದಲ್ಲಿಗೆ ನಾಲ್ವರೂ ಹೋಗಿ ಮತ್ತೆ ಹೊಡೆಯುವುದು, ತಂಡಕ್ಕೆ ಒಂದೇ ಲೆಕ್ಕ. ಕಷ್ಟ ಉಂಟಲ್ಲ, ಅದು ತಂಡ ಕಟ್ಟುವುದರಲ್ಲಿ. "ನಿಮಗೆ ಬೇಕಾದವರನ್ನು ಸೇರಿಸಿಕೊಳ್ಳಿ" ಅಂತ ಬಿಟ್ಟರೆ ಒಂದೇ ಕಾರಿನಲ್ಲಿ ಬಂದ ನಾಲ್ಕು ಜನ ಪಳಗಿದವರು ಒಂದೇ ತಂಡ ಆಗ್ತಾರೆ. ಉಳಿದವರು ಎಂತಕ್ಕೆ ಬರಬೇಕು, ಅಲ್ವಾ?

ಕೊಯ್ಲಾದ ಗದ್ದೆಯಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ಆಡುವಾಗಲೂ ಇದೇ ಕಥೆ. ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಕರೆದುಕೊಳ್ಳುತ್ತಾ ಹೋದರೆ ಕೊನೆಗೊಬ್ಬ ಸಣ್ಣ ಹುಡುಗ ಉಳಿಯುತ್ತಿದ್ದ. ಅವನಿಗೆ ‘ಕಾಮನ್’ ಅಂತ ಹೆಸರು. ಎರಡೂ ಕಡೆಗೆ ಹುಣಿಯ ಹತ್ತಿರ ನಿಂತು ಚೆಂಡು ಹೆಕ್ಕಿ ಕೊಡುವುದು ಅವನ ಪಾಲು. ಬ್ಯಾಟು ಸಿಗುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಸ್ಕ್ರ್ಯಾಂಬಲ್‌ನಲ್ಲಿ ಅಂಥ ಹುಡುಗ ಇರಲೇಬಾರದು ಅಂತ ನನ್ನ ಹಟ. ಹ್ಯಾಂಡಿಕ್ಯಾಪ್ ನೋಡಿ ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿನಿಂದ ಒಬ್ಬೊಬ್ಬರ ಚೀಟಿ ಎತ್ತಿದರೆ ಯಾರಿಗೂ ಬೇಸರ ಇಲ್ಲ.

ಆಮೇಲೆ ತಂಡದ ಹ್ಯಾಂಡಿಕ್ಯಾಪ್. ಇದರ ಲೆಕ್ಕ ನೋಡ್ಲಿಕ್ಕೆ ಚಂದ ಉಂಟು. ನಾಲ್ವರ ಸ್ಕ್ರ್ಯಾಂಬಲ್‌ಗೆ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಹೇಳುವುದು 25, 20, 15, 10 ಶೇಕಡ ಅಂತ, ಚೆನ್ನಾಗಿ ಆಡುವವರಿಂದ ಶುರುಮಾಡಿ. 8, 16, 20, 30ರ ನಾಲ್ವರು ಸೇರಿದರು ಅಂತ ಇಟ್ಟುಕೊಳ್ಳಿ. 2, 3.2, 3, 3. ಕೂಡಿಸಿದರೆ 11.2, ಅಂದರೆ 11. ಮೂವತ್ತರವನಿಂದಲೂ ಮೂರು ಬಂತು ನೋಡಿ! ಇಷ್ಟು ಲೆಕ್ಕ ಎಂತಕ್ಕೆ ಅಂತ ಕೆಲವರು ಕೇಳ್ತಾರೆ. ಒಂದು ಹೊಡೆತದ ಬೆಲೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರಿಗೆ ಗೊತ್ತು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕು ದಿನ ಆಡಿ, ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಆಗ ಅವರ ಬ್ಯಾಗು ಹೊತ್ತದ್ದು ಅಮ್ಮ. 2016ರ ರಿಯೋದಲ್ಲಿ ಅಪ್ಪ. ಮಗಳ ಹಿಂದೆ ಬಿಸಿಲಲ್ಲಿ ಹದಿನೆಂಟು ಹೋಲ್ ನಡೆಯುವ ಅಮ್ಮ! ಅದನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರ್ತದೆ.

ಎಲ್ಲಿದ್ದೆ? ಹಾಂ, ಹ್ಯಾಂಡಿಕ್ಯಾಪ್ ಆಯ್ತು, ಇನ್ನು ಡ್ರೈವ್. ಒಬ್ಬೊಬ್ಬರ ಡ್ರೈವನ್ನು ಕಡಿಮೆ ಎಂದರೆ ಮೂರು ಸಲ ತೆಗೆದುಕೊಳ್ಳಲೇಬೇಕು ಅಂತ ನಿಯಮ ಇಡಬೇಕು. ನಾಲ್ಕು ಮೂರಲಿ ಹನ್ನೆರಡು, ಉಳಿದ ಆರು ಹೋಲ್‌ನಲ್ಲಿ ಅವರವರ ಇಷ್ಟ. ಈ ನಿಯಮ ಇಲ್ಲದಿದ್ದರೆ ದೂರ ಹೊಡೆಯುವ ಒಬ್ಬನ ಮೇಲೆಯೇ ಇಡೀ ತಂಡ ಕೂತುಬಿಡ್ತದೆ. ಯಾರ ಡ್ರೈವ್ ಅಂತ ಬರೆಯಲಿಕ್ಕೆ ಸ್ಕೋರ್‌ಕಾರ್ಡಿನಲ್ಲೇ ಒಂದು ಕಾಲಂ ಬೇಕು; ಬಾಯಿಲೆಕ್ಕ ನಂಬಿದರೆ ಹದಿನೇಳನೆಯದರಲ್ಲಿ ಜಗಳ ಗ್ಯಾರಂಟಿ. ಲೆಕ್ಕ ಬಾಕಿ ಇರುವ ಹೊಸಬ ಕೊನೆಯ ಹೋಲ್‌ನಲ್ಲಿ ಟೀ ಮೇಲೆ ಚೆಂಡು ಇಡುವುದನ್ನು ನೋಡಬೇಕು ನೀವು. ಮೂವರೂ ಉಸಿರು ಬಿಗಿಹಿಡಿದು ನಿಂತಿರ್ತಾರೆ. ಚೆಂಡು ನೂರು ಗಜ ಹೋದರೂ ಸರಿ, ನೇರ ಹೋದರೆ "ಭಾರೀ ಲಾಯ್ಕ್ ಆಯ್ತು" ಅಂತ ಬೆನ್ನು ತಟ್ಟುತ್ತಾರೆ. ಇಷ್ಟು ಹೊತ್ತು ಇನ್ನೂರೈವತ್ತು ಗಜ ಹೊಡೆದವರೂ ಅಲ್ಲಿಗೇ ಬಂದು, ಅಲ್ಲಿಂದಲೇ ಮುಂದಿನದ್ದು ಹೊಡೆಯಬೇಕು.

ಚೆಂಡು ಇಡುವುದರಲ್ಲೂ ಸಣ್ಣ ಸಣ್ಣ ತಕರಾರು ಉಂಟು. ಒಂದು ಕ್ಲಬ್ಬಿನ ಉದ್ದದೊಳಗೆ, ಹೋಲ್‌ಗೆ ಹತ್ತಿರ ಆಗದ ಹಾಗೆ ಅಂತ ಮೊದಲೇ ಬರೆದಿಡುವುದು ಒಳ್ಳೆಯದು. ಉದ್ದ ಹುಲ್ಲಿನಲ್ಲಿ ಬಿದ್ದದ್ದು ಹುಲ್ಲಿನಲ್ಲೇ, ಬಂಕರಿನದ್ದು ಬಂಕರಿನಲ್ಲೇ. ಗ್ರೀನಿನ ಮೇಲೆ ಮಾತ್ರ ಹೊಸಬರನ್ನೇ ಮೊದಲು ಪಟ್ ಮಾಡಲಿಕ್ಕೆ ಬಿಡಿ. ಹೋದರೆ ಹೋಯ್ತು, ಚೆಂಡು ಎಲ್ಲಿ ತಿರುಗ್ತದೆ ಅಂತ ಹಿಂದಿನವರಿಗೆ ಗೊತ್ತಾಗ್ತದೆ. ಒಳಗೆ ಬಿದ್ದರೆ? ಮೂವರಿಗೆ ಕೆಲಸವೇ ಇಲ್ಲ!

ಶುರು ಮಾಡುವುದು ಶಾಟ್‌ಗನ್ ಕ್ರಮದಲ್ಲಿ ಅಂತ ನಿಶ್ಚಯ. ಒಂದೊಂದು ತಂಡ ಒಂದೊಂದು ಹೋಲ್‌ನಿಂದ, ಎಲ್ಲರೂ ಒಂದೇ ಹೊತ್ತಿಗೆ. ಮುಗಿಯುವುದೂ ಹೆಚ್ಚು ಕಡಿಮೆ ಒಟ್ಟಿಗೇ. ಕೋರಿರೊಟ್ಟಿಗೆ ಯಾರೂ ಯಾರನ್ನೂ ಕಾಯಬೇಕಾಗಿಲ್ಲ, ಅಲ್ವಾ? ಚೀಟಿ ಎತ್ತುವುದು ಬರುವ ಆದಿತ್ಯವಾರ ಸಂಜೆ. ನಿಮ್ಮ ಭಾವನಿಗೂ ಹೇಳಿ, ನಾಲ್ಕನೇ ಗುಂಪಿನಲ್ಲಿ ಇನ್ನೂ ಇಬ್ಬರು ಬೇಕು.