ಚಕ್ಕುಲಿ ಡಬ್ಬಿಯ ಗಾಲಿ

ದೀಪಾವಳಿಗೆ ಗೋವಾದಿಂದ ಮಿರಜಿಗೆ ಬಂದ ನಮ್ಮ ಅಕ್ಕನ ಮಗ ಕಾಲಿಗೆ ನಮಸ್ಕಾರ ಮಾಡಿ ಎದ್ದವನೇ ಚೀಲದಿಂದ ಒಂದು ಚಕ್ಕುಲಿ ಡಬ್ಬಿ ತೆಗೆದಿಟ್ಟ. ನಾವೇ ಮೂರು ಡಬ್ಬಿ ಕರಿದು ಕೂತಿರುವಾಗ ಇವನೇಕೆ ಹೊತ್ತು ತಂದನೋ ಎಂದು ನನ್ನ ಹೆಂಡತಿ ಮುಚ್ಚಳ ತೆಗೆದಳು, ತೆಗೆದಷ್ಟೇ ಬೇಗ ಮುಚ್ಚಿದಳು. ಅಷ್ಟರಲ್ಲಿ ಒಣಮೀನಿನ ಸಂತೆಯ ವಾಸನೆ ದೇವರ ಮನೆಯವರೆಗೂ ಹೋಗಿ ಬಂದಿತ್ತು.

"ಮಾಮಾ, ಇದು ತಿರಗವಲ್ದು" ಎಂದ.

ಇದು ಎಂದರೆ ಮುಷ್ಟಿಯಲ್ಲಿ ಹಿಡಿಯಬಹುದಾದ ಒಂದು ಕಪ್ಪು ಪ್ಲಾಸ್ಟಿಕ್ ಗೂಟ. ಅದರ ತುದಿಯಲ್ಲಿ ನಾಣ್ಯದಷ್ಟಗಲದ ಒಂದು ಗಾಲಿ, ಗಾಲಿಗೆ ನಾಲ್ಕಾರು ರೆಕ್ಕೆ. ಅವನೂ ಅವನ ಮೂವರು ಗೆಳೆಯರೂ ಸೇರಿ ಮಾಂಡವಿ ನದಿಯಲ್ಲಿ ಒಂದು ಹಳೆಯ ಹಾಯಿದೋಣಿ ಇಟ್ಟುಕೊಂಡಿದ್ದಾರೆ. ಗೂಟವನ್ನು ದೋಣಿಯ ತಳಕ್ಕೆ ಸಿಕ್ಕಿಸಿದರೆ ಗಾಲಿಯಷ್ಟೇ ಹೊರಗೆ ನೀರಿನಲ್ಲಿ ಇಣುಕುತ್ತದಂತೆ. ದೋಣಿ ಓಡಿದಂತೆ ಗಾಲಿ ತಿರುಗುತ್ತದೆ, ರೆಕ್ಕೆಯೊಳಗಿನ ಚೂರು ಅಯಸ್ಕಾಂತ ಪ್ರತಿ ಸುತ್ತಿಗೂ ಗೂಟದೊಳಗಿನ ಸೆನ್ಸರಿನ ಮುಂದೆ ಹಾದುಹೋಗುತ್ತದೆ, ಮೇಲೆ ದೋಣಿಯೊಳಗಿನ ಪುಟ್ಟ ಗಾಜಿನಲ್ಲಿ ವೇಗದ ಅಂಕಿ ಮೂಡುತ್ತದೆ. ಇದಕ್ಕೆ ಲಾಗ್ ಎಂದು ಹೆಸರು. ಈಗ ದೋಣಿ ಓಡಿದರೂ ಅಂಕಿ ಸೊನ್ನೆಯಲ್ಲೇ ನಿಂತಿತ್ತು.

ನನ್ನ ಹೆಂಡತಿ ಕೇಳಿದ್ದು ಬೇರೆಯೇ. "ಅಂದ್ರ ದೋಣಿ ತಳಕ್ಕ ತೂತೈತಿ? ಬೇಕಂತ ಮಾಡಿಸೀರಿ?"

ಹೌದು, ಬೇಕಂತಲೇ. ಗೂಟ ಕಿತ್ತ ಕೂಡಲೇ ಆ ತೂತಿಗೆ ಒಂದು ಕುರುಡು ಬಿರಡೆ ಜಡಿಯಬೇಕು. ಕೀಳುವುದಕ್ಕೂ ಜಡಿಯುವುದಕ್ಕೂ ನಡುವೆ ದೋಣಿಯ ಹೊಟ್ಟೆಯಲ್ಲಿ ಕಾರಂಜಿ. ಮೊದಲ ಸಲ ಬಿರಡೆ ಎಲ್ಲಿಟ್ಟಿದ್ದೇನೆಂದು ಮರೆತು ಅಂಗೈ ಒತ್ತಿಕೊಂಡು ಕೂತಿದ್ದೆ ಎಂದು ಹುಡುಗ ನಗುತ್ತ ಹೇಳಿದ. ಇವಳು ನಗಲಿಲ್ಲ. ತವರಿನ ಕೊಡ ಸೋರಿದರೂ ಎದೆಗೆ ಹಚ್ಚಿಕೊಳ್ಳುವ ಹೆಂಗಸು.

ಲಾಗ್ ಎಂದರೆ ಮೂಲದಲ್ಲಿ ಮರದ ತುಂಡು. ಹಿಂದಿನ ನಾವಿಕರು ಹಗ್ಗ ಕಟ್ಟಿದ ಹಲಗೆಯೊಂದನ್ನು ಹಡಗಿನ ಹಿಂದಕ್ಕೆ ಎಸೆದು, 28 ಸೆಕೆಂಡಿನ ಮರಳ ಗಡಿಯಾರ ತಿರುಗಿಸಿ, ಅಷ್ಟರಲ್ಲಿ ಹಗ್ಗದ ಎಷ್ಟು ಗಂಟು ಕೈಯಿಂದ ಜಾರಿದವು ಎಂದು ಎಣಿಸುತ್ತಿದ್ದರು. ಗಂಟಿಗೂ ಗಂಟಿಗೂ 47 ಅಡಿ 3 ಅಂಗುಲ. ಐದು ಗಂಟು ಜಾರಿದರೆ ಐದು ನಾಟ್ ವೇಗ. ಒಂದು ನಾಟ್ ಎಂದರೆ ತಾಸಿಗೆ 1.852 ಕಿಲೋಮೀಟರ್. ಗಂಟು ಹಾಕಿ ಲೆಕ್ಕ ಇಡುವ ವಿದ್ಯೆ ನಮ್ಮ ಅಜ್ಜಿಗೂ ಗೊತ್ತಿತ್ತು. ಹಾಲಿನವನ ಲೆಕ್ಕ ಅವಳ ಸೆರಗಿನ ತುದಿಯಲ್ಲಿರುತ್ತಿತ್ತು, ಸೀರೆ ಒಗೆಯಲು ಹಾಕಿದ ದಿನ ಮಾತ್ರ ಜಗಳ.

ಗಾಲಿಯನ್ನು ಅಂಗೈ ಮೇಲೆ ಇಟ್ಟುಕೊಂಡಾಗ ನನಗೆ ಅಪ್ಪನ ನೆನಪಾಯಿತು. ಅವನು ಕೃಷ್ಣೆಯ ನೀರು ಅಳೆಯುವ ಕಚೇರಿಯಲ್ಲಿದ್ದ. ಮಳೆಗಾಲದಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಮೇಲೆ ನಿಂತು, ಮೀನಿನಾಕಾರದ ಸೀಸದ ಗುಂಡು ಕಟ್ಟಿದ ತಂತಿಯನ್ನು ಹೊಳೆಗೆ ಬಿಡುತ್ತಿದ್ದ. ಗುಂಡಿನ ಮೇಲೆ ಪುಟ್ಟ ಪುಟ್ಟ ಬಟ್ಟಲುಗಳ ಒಂದು ಚಕ್ರ. ಪ್ರವಾಹ ತಿರುಗಿಸಿದಂತೆ ತಂತಿಯಲ್ಲಿ ಟಿಕ್ ಟಿಕ್ ಎಂದು ಸದ್ದು ಬರುತ್ತದೆ, ಅದನ್ನು ಕೇಳಲು ಕಿವಿಗೆ ಹೆಡ್‌ಫೋನ್. ಒಂದು ಕೈಯಲ್ಲಿ ಸ್ಟಾಪ್‌ವಾಚ್, ಕಣ್ಣು ಅರ್ಧ ಮುಚ್ಚಿ, ತುಟಿ ಅಲ್ಲಾಡಿಸುತ್ತ ಎಣಿಸುವ ಅಪ್ಪನನ್ನು ಸೈಕಲ್ ಮೇಲೆ ಹೋಗುವವರು ನಿಲ್ಲಿಸಿ ಕೇಳುತ್ತಿದ್ದರು, "ಸ್ಕೋರ್ ಕಿತೀ ಝಾಲಾ?" ಎಣಿಕೆ ತಪ್ಪುತ್ತಿತ್ತು. ಅಪ್ಪ ಮತ್ತೆ ಒಂದರಿಂದ ಶುರು ಮಾಡುತ್ತಿದ್ದ.

ಆ ಸೇತುವೆ 1929ರದು. ಅದರ ಬಳಿಯ ನೀರಿನ ಅಡಿ ಲೆಕ್ಕದ ಮೇಲೆಯೇ ಸಾಂಗಲಿಯ ಆಷಾಢ ಶ್ರಾವಣಗಳು ನಡೆಯುತ್ತವೆ. 40 ಅಡಿಗೆ ಎಚ್ಚರಿಕೆ, 45ಕ್ಕೆ ಅಪಾಯ. 2019ರ ಆಗಸ್ಟಿನಲ್ಲಿ 57 ದಾಟಿ ಪೇಟೆಯೆಲ್ಲ ಹೊಳೆಯಾಗಿತ್ತು. ಮಳೆಗಾಲದಲ್ಲಿ ಇಲ್ಲಿ ಆರಾಮವೇ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಫೂಟು ಎಂದು ಕೇಳುತ್ತಾರೆ. ಅಪ್ಪನಿಗೆ ಇದು ಸರಿಬರುತ್ತಿರಲಿಲ್ಲ. "ನೀರು ಎಷ್ಟು ಏರೇತಿ ಅನ್ನೂದು ಪೇಪರನವರಿಗೆ, ಎಷ್ಟು ಓಡತೈತಿ ಅನ್ನೂದು ನಮಗ" ಎನ್ನುತ್ತಿದ್ದ.

ಇದರ ಜೊತೆಗೆ ಮನೆಯಲ್ಲಿ ಕನ್ನಡ ಮಾತಾಡುವವರಿಗೆ ಇನ್ನೊಂದು ಕಷ್ಟ. ಮೇಲೆ ಮಹಾರಾಷ್ಟ್ರದ 105 ಟಿಎಂಸಿಯ ಕೊಯ್ನಾ, ಕೆಳಗೆ ಕರ್ನಾಟಕದ ಆಲಮಟ್ಟಿ. ಕೊಯ್ನಾ ನೀರು ಬಿಟ್ಟರೆ ಅದು ದೈವೇಚ್ಛೆ, ಆಲಮಟ್ಟಿ ಬಿಡದಿದ್ದರೆ ಅದು ನನ್ನ ತಪ್ಪು. ಆಲಮಟ್ಟಿ ಅಣೆಕಟ್ಟಿನ 519.60 ಮೀಟರ್ ಮಟ್ಟ ನಮ್ಮ ರಿಕ್ಷಾದವರಿಗೂ ಬಾಯಿಪಾಠ. ಹಿನ್ನೀರು ಇಲ್ಲಿಯವರೆಗೆ ಒತ್ತುತ್ತದೆಯೋ ಇಲ್ಲವೋ ಎಂದು ಎರಡು ರಾಜ್ಯಗಳ ಎಂಜಿನಿಯರುಗಳು ವಾದಿಸಲಿ, ನಮ್ಮ ಓಣಿಯಲ್ಲಿ ತೀರ್ಪು ಆಗಿಹೋಗಿದೆ. 44 ಅಡಿಯಾದ ದಿನ ಎದುರು ಮನೆಯ ಕಾಕು ಮಹಡಿಯಿಂದ ಬಗ್ಗಿ, "ತುಮಚ್ಯಾ ಲೋಕಾಂನಾ ಸಾಂಗಾ, ದಾರಂ ಉಘಡಾ" ಎನ್ನುತ್ತಾರೆ, ಆಲಮಟ್ಟಿಯ ಬಾಗಿಲ ಕೀಲಿಕೈ ನಮ್ಮ ಮೊಳೆಗೇ ನೇತಾಡುತ್ತಿದೆ ಎಂಬಂತೆ.

ಗಾಲಿಗೆ ಬರೋಣ. ಅದರ ಸಂದಿಯಲ್ಲೆಲ್ಲ ಸುಣ್ಣದ ಪುಟ್ಟ ಗುಡ್ಡಗಳು. ಬಾರ್ನಕಲ್ ಎಂದ ಹುಡುಗ. ಏಡಿ ಸೀಗಡಿಗಳ ದಾಯಾದಿ. ಮರಿಯಾಗಿದ್ದಾಗ ಈಜಾಡಿ, ಜಾಗ ಹಿಡಿಸಿದರೆ ತಲೆಯನ್ನು ಅಂಟಿಸಿಕೊಂಡು ಸುತ್ತ ಸುಣ್ಣದ ಗೋಡೆ ಕಟ್ಟಿ, ಮುಂದೆ ಜೀವಮಾನವೆಲ್ಲ ಕಾಲಿನಿಂದ ಊಟ ಎಳೆದುಕೊಳ್ಳುತ್ತದೆ. ಮಿರಜಿನಲ್ಲಿ ಬಾಡಿಗೆಗೆಂದು ಬಂದು ಮೂವತ್ತು ವರ್ಷ ಕೂತವರನ್ನು ನಾನು ಬಲ್ಲೆ, ಆದ್ದರಿಂದ ಆಶ್ಚರ್ಯವಾಗಲಿಲ್ಲ. ಓಡುವ ದೋಣಿಯ ಗಾಲಿಗೆ ಇದರ ಕಾಟ ಕಡಿಮೆ. ದೀಪಾವಳಿಗೆ ಮುಂಚೆ ರಜೆ ಸಿಗದೆ ಇವರು ದೋಣಿಯನ್ನು ಒಂದು ತಿಂಗಳು ನಿಲ್ಲಿಸಿಟ್ಟಿದ್ದರು, ಅಷ್ಟು ಸಾಕಾಗಿತ್ತು.

ರಾತ್ರಿ ಬಟ್ಟಲಲ್ಲಿ ಸಿರ್ಕಾ ಹಾಕಿ, ಗೂಟ ತಲೆಕೆಳಗಾಗಿಸಿ ಗಾಲಿ ಮುಳುಗಿಸಿದೆವು. ಸುಣ್ಣ ಬುಸುಬುಸು ನೊರೆಯೆದ್ದಿತು. ಬೆಳಿಗ್ಗೆ ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿದಾಗ ಗುಡ್ಡಗಳೆಲ್ಲ ಕಳಚಿದವು. ಬ್ರಶ್ಶು ಹಳೆಯದಾಗಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಆದರೂ ಗಾಲಿ ತೊದಲುತ್ತಿತ್ತು. ಅಚ್ಚಿನ ಕಡ್ಡಿ ಎಳೆದು ನೋಡಿದರೆ ಮರಳು ತಿಂದು ನಡು ಸವೆದಿದೆ.

ನಾನು ಸೈಕಲ್ ಅಂಗಡಿಗೆ ಹೋಗಿ ಒಂದು ಸ್ಪೋಕ್ ಕತ್ತರಿಸಿ ತಂದೆ. ಗಾಲಿಯ ಅಯಸ್ಕಾಂತ ಅದನ್ನು ಕಂಡದ್ದೇ ತಡ ಹಾರಿ ಅಪ್ಪಿಕೊಂಡಿತು. ಕಬ್ಬಿಣ ನಡೆಯದು. ಹುಡುಗ ತಲೆ ಮೇಲೆ ಕೈ ಹೊತ್ತು ಕೂತ. ಆಗ ಹೊಳೆದದ್ದು ಸತಾರ್‌ಮೇಕರ್ ಗಲ್ಲಿ.

ಕತ್ತಿ ಮಸೆಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಸಿತಾರ್ ಮಾಡಲು ಕಲಿತ ಊರು ಇದು. 2024ರಲ್ಲಿ ಮಿರಜಿನ ಸಿತಾರ್, ತಂಬೂರಿಗಳಿಗೆ ಜಿಐ ಟ್ಯಾಗ್ ಕೂಡ ಸಿಕ್ಕಿತು. ನಮಗೆ ಪರಿಚಯದ ಚಾಚಾ ಒಬ್ಬರು ತಂಬೂರಿಯ ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕುದುರೆಗೆ ಅರ ಹಾಕುತ್ತಿದ್ದರು. ಜವಾರಿ ತೆಗೆಯುವುದು ಎನ್ನುತ್ತಾರೆ. ನಮ್ಮ ಕಡೆ ಜವಾರಿ ಎಂದರೆ ಸೌತೆಕಾಯಿ, ಕೋಳಿ. ಅವರಿಗೆ ತಂತಿಯ ಕೆಳಗೆ ಕೂದಲೆಳೆಯಷ್ಟು ಸವೆಸಿದ ಜಾಗ, ನಾದ ಹೂವಾಗಿ ಬಿಡುವ ಜಾಗ.

ಚಾಚಾ ಗಾಲಿಯನ್ನು ಹೇಗೆ ಬಜಾಯಿಸುವುದು ಎಂದು ಮೊದಲು ಕೇಳಿದರು. ವಿಷಯ ತಿಳಿದ ಮೇಲೆ ಸಿತಾರಿನ ಪಡದೆಗೆ ಇಟ್ಟ ಹಿತ್ತಾಳೆ ಸರಳಿನಿಂದ ಒಂದು ತುಂಡು ಕತ್ತರಿಸಿ, ಅರ ಹಾಕಿ, ಮರಳುಕಾಗದ ಉಜ್ಜಿ, ಮತ್ತೆ ಅರ ಹಾಕಿದರು. ಅಳತೆಗೆ ಏನೂ ಹಿಡಿಯಲಿಲ್ಲ. ಕಡ್ಡಿ ತೂರಿಸಿ, ಗಾಲಿಗೆ ಊದಿ, ಕಿವಿಯ ಹತ್ತಿರ ಒಯ್ದು ಕಣ್ಣು ಅರ್ಧ ಮುಚ್ಚಿದರು. "ಅಜೂನ್ ಬೋಲತೋ", ಇನ್ನೂ ಮಾತಾಡುತ್ತದೆ ಎಂದು ಇನ್ನೆರಡು ಸಲ ಅರ ಎಳೆದು ಮತ್ತೆ ಊದಿದರು. ಈಗ ಏನೂ ಕೇಳಿಸಲಿಲ್ಲ. ಹಿತ್ತಾಳೆ ಉಪ್ಪುನೀರಿಗೆ ಬಹಳ ದಿನ ಬಾಳದು, ಹೊಸ ಕಡ್ಡಿ ತರಿಸುವವರೆಗೆ ಆದೀತು ಎಂದ ಹುಡುಗ. ದುಡ್ಡು ಕೇಳಿದರೆ ಚಾಚಾ ಚಕ್ಕುಲಿ ಇದ್ದರೆ ಕಳಿಸಿ ಎಂದರು. ಡಬ್ಬಿ ಬದಲಿಸಿ ಕಳಿಸಿದೆವು.

ಪರೀಕ್ಷೆಗೆಂದು ಹರಿಪುರಕ್ಕೆ, ವಾರಣೆ ಕೃಷ್ಣೆಗೆ ಸೇರುವ ಸಂಗಮಕ್ಕೆ ಹೋದೆವು. ಮೆಟ್ಟಿಲ ಮೇಲೆ ಕೂತು ಗಾಲಿ ಅದ್ದಿದರೆ ಅಲ್ಲಾಡಲಿಲ್ಲ. ಚಾಚಾರ ಮೇಲೆ ಸಂಶಯ ಬರುವಷ್ಟರಲ್ಲಿ ಹುಡುಗ ಪೂಜೆಯ ಒಂದು ಚೆಂಡುಹೂ ಎತ್ತಿ ನೀರಿಗೆ ಎಸೆದ. ಅದೂ ಅಲ್ಲೇ ನಿಂತಿತ್ತು. ಜುಲೈನಲ್ಲಿ ನಾಲ್ಕು ತಾಲೂಕನ್ನು ನಡುಗಿಸುವ ಹೊಳೆ ದೀಪಾವಳಿ ರಜೆಯಲ್ಲಿತ್ತು.

ಕೊನೆಗೆ ನಾವು ಕೂತದ್ದು ಹೊಳೆ ದಾಟಿಸುವ ನಾವೆಯಲ್ಲಿ. ನೀರು ಓಡದಿದ್ದರೆ ನಾವು ಓಡಬೇಕು, ಗಾಲಿಗೆ ಎರಡೂ ಒಂದೇ. ಪ್ರವಾಹದಲ್ಲಿ ಲಂಗರು ಹಾಕಿ ನಿಂತ ದೋಣಿಯಲ್ಲೂ ಲಾಗ್ ವೇಗ ತೋರಿಸುತ್ತದಂತೆ. ಅದಕ್ಕೇ ಅಂಕಿ ಸರಿಹೊಂದಿಸುವಾಗ ಅಷ್ಟೇ ದೂರ ಹೋಗಿ, ಅಷ್ಟೇ ದೂರ ಬಂದು, ಸರಾಸರಿ ತೆಗೆಯಬೇಕು. ಒಂದು ರೆಕ್ಕೆಗೆ ನನ್ನ ಹೆಂಡತಿಯ ಉಗುರುಬಣ್ಣ ಹಚ್ಚಿ ತಂದಿದ್ದೆವು. ಹುಟ್ಟು ಬಿದ್ದಂತೆ ಕೆಂಪು ಚುಕ್ಕೆ ಸುತ್ತಲಾರಂಭಿಸಿತು. ಹುಡುಗ ಫೋನಿನಲ್ಲಿ ಸೆಕೆಂಡು ನೋಡುತ್ತಿದ್ದ, ನಾನು ತುಟಿ ಅಲ್ಲಾಡಿಸುತ್ತ ಸುತ್ತು ಎಣಿಸುತ್ತಿದ್ದೆ. ಮೂವತ್ತೆಂಟಕ್ಕೆ ಬಂದಾಗ ಎದುರಿಗೆ ಕೂತಿದ್ದ, ಹಾಲಿನ ಕ್ಯಾನು ಹಿಡಿದ ಮುದುಕಪ್ಪ ಬಗ್ಗಿ ನೋಡಿ ಕೇಳಿದ:

"ಕಾಯ ಹೋ, ಆಲಮಟ್ಟೀಚಂ ಪಾಣಿ ಮೋಜತಾಯ ಕಾ?"

ಆಲಮಟ್ಟಿಯ ನೀರು ಅಳೆಯುತ್ತಿಲ್ಲ ಎಂದು ತಲೆಯಾಡಿಸಿ, ಮತ್ತೆ ಒಂದರಿಂದ ಶುರು ಮಾಡಿದೆ.